ವಲಸಿಗನ ಮಾತಿಗೆ ಕಿವಿಗೊಡುವವರಾರು?

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪತ್ರಿಕೋದ್ಯಮ ಶಾಲೆಯಲ್ಲಿ ಒಂದು ಸಭೆ ನಡೆಯಿತು. ಆ ಶಾಲೆಯ ಮುಖ್ಯಸ್ಥರೂ ಪತ್ರಿಕೋದ್ಯಮ ಪ್ರಾಧ್ಯಾಪಕರೂ ಆದ ಜೆಲಾನಿ ಕಾಬ್ ಅಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಒಂದು ಕಹಿ ಸತ್ಯವನ್ನು ಹೇಳಿದರು. ಇದು ಅಪಾಯದ ಕಾಲ, ನಿಮ್ಮನ್ನು ಯಾರೂ ರಕ್ಷಿಸಲಾರರು ಎಂಬುದೇ ಆ ಮಾತಿನ ಸಾರಾಂಶ. ಅಮೆರಿಕದ ಪೌರತ್ವವಿಲ್ಲದವರು ಮಧ್ಯಪ್ರಾಚ್ಯದ ಬಗ್ಗೆ ಏನನ್ನಾದರೂ ಪ್ರಕಟಿಸುವ ಮುನ್ನ ಎಚ್ಚರ ವಹಿಸಬೇಕೆಂಬ ಸಲಹೆಯೂ ಅದೇ ಸಭೆಯಲ್ಲಿ ಬಂತು. ಅದಕ್ಕೆ ಕೆಲವೇ ದಿನಗಳ ಮೊದಲು, ಮಾರ್ಚ್ 8ರಂದು, ಅದೇ ವಿಶ್ವವಿದ್ಯಾನಿಲಯದಲ್ಲಿ ಕಲಿತಿದ್ದ ಮಹ್ಮೂದ್ ಖಲೀಲ್ ಎಂಬ ಫೆಲೆಸ್ತೀನಿ ಯುವಕನನ್ನು ಬಂಧಿಸಲಾಗಿತ್ತು.

ಪ್ರಾಧ್ಯಾಪಕರನ್ನು ಹೇಡಿ ಎಂದು ಹಳಿಯುವುದು ಸುಲಭ. ಆದರೆ ಪ್ರಶ್ನೆ ಇರುವುದು ಅಲ್ಲಲ್ಲ. ಬರೆಯುವುದನ್ನು ಕಲಿಸಬೇಕಾದ ಶಾಲೆಯಲ್ಲೇ ಬರೆಯದಿರುವುದು ಕ್ಷೇಮ ಎಂದು ಹೇಳಬೇಕಾದ ಸ್ಥಿತಿ ಹೇಗೆ ಬಂತು?

ಆ ಶಾಲೆಯ ಚರಿತ್ರೆಯನ್ನು ಒಮ್ಮೆ ನೋಡಿ. 1912ರಲ್ಲಿ ಅದು ಆರಂಭವಾದದ್ದು ಜೋಸೆಫ್ ಪುಲಿಟ್ಜರ್ ಬಿಟ್ಟುಹೋದ ಹಣದಿಂದ. ಪುಲಿಟ್ಜರ್ ಹಂಗೇರಿಯಲ್ಲಿ ಹುಟ್ಟಿದವರು. 1864ರಲ್ಲಿ ಅಮೆರಿಕಕ್ಕೆ ಬಂದಾಗ ಅವರಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಸೇಂಟ್ ಲೂಯಿಸ್ ನಗರದಲ್ಲಿ ಜರ್ಮನ್ ವಲಸಿಗರ ಪತ್ರಿಕೆಯೊಂದರಲ್ಲಿ ವರದಿಗಾರರಾಗಿ ಅವರು ವೃತ್ತಿ ಆರಂಭಿಸಿದರು. ಮುಂದೆ ನ್ಯೂಯಾರ್ಕ್‌ನಲ್ಲಿ ‘ವರ್ಲ್ಡ್’ ಪತ್ರಿಕೆಯ ಒಡೆಯರಾದರು. ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಪೀಠ ಕಟ್ಟಲು ಹಣವಿಲ್ಲದೆ ಕೆಲಸ ನಿಂತಾಗ, 1885ರಲ್ಲಿ ಅವರು ಜನಸಾಮಾನ್ಯರಿಂದ ಒಂದು ಲಕ್ಷಕ್ಕೂ ಅಧಿಕ ಡಾಲರ್ ಸಂಗ್ರಹಿಸಿದರು. ಒಂದು ಡಾಲರ್‌ಗಿಂತಲೂ ಕಡಿಮೆ ಕೊಟ್ಟವರ ಹೆಸರುಗಳೂ ಪತ್ರಿಕೆಯಲ್ಲಿ ಅಚ್ಚಾದವು. ಅಂಥ ವಲಸಿಗನ ಹಣದಿಂದ ಎದ್ದುನಿಂತ ಶಾಲೆಯಲ್ಲಿ ಇಂದು ವಲಸಿಗ ವಿದ್ಯಾರ್ಥಿ ತನ್ನ ಹೆಸರು ಅಚ್ಚಾಗುವುದಕ್ಕೆ ಹೆದರಬೇಕಾಗಿದೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೇನಿದೆ?

ಮಿತ್ರರೇ, ನಗರವೆಂದರೆ ಅಪರಿಚಿತರು ಸೇರಿ ಕಟ್ಟಿದ ಊರು. ನ್ಯೂಯಾರ್ಕ್‌ನ ನಿವಾಸಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ವಿದೇಶಗಳಲ್ಲಿ ಹುಟ್ಟಿದವರು. ಹಳ್ಳಿಯಲ್ಲಿ ನೀವು ಯಾರ ಮಗನೆಂದು ಎಲ್ಲರಿಗೂ ಗೊತ್ತು. ನಗರದಲ್ಲಿ ನೀವು ಯಾರೆಂದು ನೀವೇ ಹೇಳಿಕೊಳ್ಳಬೇಕು. ಹಾಗೆ ಹೇಳಿಕೊಳ್ಳಲು ಯುವಕನೊಬ್ಬನಿಗೆ ಸಿಗುವ ಮೊದಲ ವೇದಿಕೆಗಳಲ್ಲಿ ಕ್ಯಾಂಪಸ್ ಪತ್ರಿಕೆಯೂ ಒಂದು. ಆದ್ದರಿಂದಲೇ ಅದರ ಬಾಯಿ ಮುಚ್ಚಿಸುವುದು ಸಣ್ಣ ಸಂಗತಿಯಲ್ಲ.

ರುಮೈಸಾ ಓಜ್ತುರ್ಕ್ ಪ್ರಕರಣವನ್ನೇ ನೋಡಿ. ಟರ್ಕಿಯ ಈ ಯುವತಿ ಬೋಸ್ಟನ್ ಸಮೀಪದ ಟಫ್ಟ್ಸ್ ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದರು. 2024ರ ಮಾರ್ಚ್‌ನಲ್ಲಿ ಇತರ ಮೂವರೊಂದಿಗೆ ಸೇರಿ ವಿದ್ಯಾರ್ಥಿ ಪತ್ರಿಕೆ ‘ಟಫ್ಟ್ಸ್ ಡೈಲಿ’ಗೆ ಒಂದು ಲೇಖನ ಬರೆದರು. ಗಾಝಾದ ವಿಷಯದಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳು ಅಂಗೀಕರಿಸಿದ ನಿರ್ಣಯಗಳನ್ನು ಆಡಳಿತ ಮಂಡಳಿ ಕಡೆಗಣಿಸಿತೆಂಬ ಟೀಕೆ ಅದರಲ್ಲಿತ್ತು. ಒಂದು ವರ್ಷದ ಬಳಿಕ, 2025ರ ಮಾರ್ಚ್ 25ರಂದು, ರಮಝಾನಿನ ಸಂಜೆ ಗೆಳೆಯರ ಜೊತೆ ಇಫ್ತಾರ್‌ಗೆಂದು ಹೊರಟಿದ್ದ ಆಕೆಯನ್ನು ಸಾದಾ ಉಡುಪಿನ ಅಧಿಕಾರಿಗಳು ಬೀದಿಯಲ್ಲೇ ಸುತ್ತುವರಿದು ಬಂಧಿಸಿದರು. ಅವರಲ್ಲಿ ಕೆಲವರು ಮುಖ ಮುಚ್ಚಿಕೊಂಡಿದ್ದರು. ಆಕೆಯನ್ನು ದೂರದ ಲೂಸಿಯಾನಾದ ಬಂಧನ ಕೇಂದ್ರಕ್ಕೆ ಸಾಗಿಸಲಾಯಿತು. ಆರು ವಾರಗಳ ಬಳಿಕ, ಮೇ 9ರಂದು, ಬಿಡುಗಡೆಗೆ ಆದೇಶಿಸಿದ ನ್ಯಾಯಾಧೀಶರು, ಆ ಲೇಖನದ ಹೊರತು ಬೇರಾವ ಪುರಾವೆಯನ್ನೂ ಸರಕಾರ ಮುಂದಿಟ್ಟಿಲ್ಲ ಎಂಬುದನ್ನು ಎತ್ತಿ ಹೇಳಿದರು.

ಭಯಕ್ಕೆ ಸಾವಿರಾರು ಮಂದಿಯನ್ನು ಬಂಧಿಸಬೇಕಾಗಿಲ್ಲ. ಒಬ್ಬಳನ್ನು ಬಂಧಿಸಿದರೆ ಸಾಕು. ವಿದೇಶಿ ವಿದ್ಯಾರ್ಥಿಗಳು ಭಯದಿಂದ ವರದಿಗಾರಿಕೆಯಿಂದಲೇ ಹಿಂದೆ ಸರಿಯುತ್ತಿದ್ದಾರೆಂದು ‘ಸ್ಟ್ಯಾನ್‌ಫರ್ಡ್ ಡೈಲಿ’ ಎಂಬ ವಿದ್ಯಾರ್ಥಿ ಪತ್ರಿಕೆ 2025ರ ಆಗಸ್ಟ್‌ನಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಕಾನೂನುಬದ್ಧವಾಗಿ ನೆಲೆಸಿರುವ ವಿದೇಶಿಯರಿಗೂ ಪೌರರಷ್ಟೇ ಅಭಿವ್ಯಕ್ತಿ ಸ್ವಾತಂತ್ರ್ಯವಿದೆಯೆಂದು ಅದೇ ಸೆಪ್ಟೆಂಬರ್ 30ರಂದು ಬೋಸ್ಟನ್‌ನ ನ್ಯಾಯಾಧೀಶ ವಿಲಿಯಂ ಯಂಗ್ ತೀರ್ಪಿತ್ತರು. ನವೆಂಬರ್‌ನಲ್ಲಿ ಝೊಹ್ರಾನ್ ಮಮ್ದಾನಿ ನ್ಯೂಯಾರ್ಕ್‌ನ ಮೇಯರ್ ಆಗಿ ಆಯ್ಕೆಯಾದರು. ಉಗಾಂಡದಲ್ಲಿ ಹುಟ್ಟಿದ ಅವರು ತಮ್ಮ ಕಾಲೇಜು ಪತ್ರಿಕೆಗೆ ಲೇಖನಗಳನ್ನು ಬರೆಯುತ್ತಿದ್ದಾಗ ಅಮೆರಿಕದ ಪೌರರೇ ಆಗಿರಲಿಲ್ಲ. ಪೌರತ್ವ ಸಿಕ್ಕಿದ್ದು 2018ರಲ್ಲಿ. ಅಂದು ಅವರ ಕೈಯಿಂದ ಲೇಖನಿಯನ್ನು ಕಿತ್ತುಕೊಂಡಿದ್ದರೆ ನಷ್ಟ ಯಾರಿಗಾಗುತ್ತಿತ್ತು?

ಇಸ್ಲಾಮಿನ ಚರಿತ್ರೆಯಲ್ಲಿ ನಮಗೊಂದು ಮಾದರಿಯಿದೆ. ಮಕ್ಕಾದ ದೌರ್ಜನ್ಯ ತಾಳಲಾರದೆ ಪ್ರವಾದಿ ಮುಹಮ್ಮದ್(ಸ)ರ ಅನುಯಾಯಿಗಳು ಅಬಿಸೀನಿಯಾಕ್ಕೆ ವಲಸೆ ಹೋದರು. ಅವರನ್ನು ಒಪ್ಪಿಸಬೇಕೆಂದು ಕುರೈಶರ ದೂತರು ಉಡುಗೊರೆಗಳೊಂದಿಗೆ ದೊರೆ ನಜ್ಜಾಶಿಯ ಬಳಿಗೆ ಬಂದರು. ನಜ್ಜಾಶಿ ಕ್ರೈಸ್ತ ದೊರೆ. ಆದರೂ, ವಲಸಿಗರ ಮಾತನ್ನು ಕೇಳದೆ ಅವರನ್ನು ಒಪ್ಪಿಸಲಾರೆನೆಂದರು. ಜಅಫರ್ ಬಿನ್ ಅಬೂತಾಲಿಬ್(ರ) ತುಂಬಿದ ಸಭೆಯಲ್ಲಿ ನಿರ್ಭೀತಿಯಿಂದ ಮಾತಾಡಿದರು. ದೊರೆ ಉಡುಗೊರೆಗಳನ್ನು ಹಿಂದಿರುಗಿಸಿದರು. ನೆಲ ಕೊಟ್ಟರೆ ಮಾತ್ರ ಆಶ್ರಯವಾಗುವುದಿಲ್ಲ, ಮಾತಿಗೆ ಅವಕಾಶವನ್ನೂ ಕೊಡಬೇಕು ಎಂಬುದು ಈ ಘಟನೆಯ ಪಾಠ.

ಅಮೆರಿಕದ ತಪ್ಪನ್ನು ಇಲ್ಲಿಂದ ಟೀಕಿಸಲು ಧೈರ್ಯ ಬೇಕಾಗಿಲ್ಲ. ಆದರೆ ನಮ್ಮ ಅಂಗಳದಲ್ಲೇನಾಗಿದೆ? 2025ರ ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ ಕೇರಳ ಮೂಲದ ಬಡ ಗುಜರಿ ಹೆಕ್ಕುವವನೊಬ್ಬನನ್ನು ಗುಂಪೊಂದು ಥಳಿಸಿ ಕೊಂದಿತು. ಆತ ಏನೆಂದು ಕೂಗಿದನೆಂಬ ಬಗ್ಗೆ ದಿನಗಟ್ಟಲೆ ಚರ್ಚೆ ನಡೆಯಿತು. ಆತ ಬದುಕಿದ್ದಾಗ ಆತನ ಮಾತನ್ನು ಕೇಳಲು ಒಬ್ಬ ವರದಿಗಾರನೂ ಹೋಗಿರಲಾರ. ನಮ್ಮ ಕಟ್ಟಡಗಳನ್ನು ಕಟ್ಟುತ್ತಿರುವ ಬಿಹಾರದ, ಬಂಗಾಲದ, ಅಸ್ಸಾಮಿನ ಕಾರ್ಮಿಕರ ಮಾತು ನಮ್ಮ ಯಾವ ಪತ್ರಿಕೆಯಲ್ಲಿ ಬಂದಿದೆ? ಸಮುದಾಯದ ಪತ್ರಿಕೆಗಳಾದರೂ ಈ ಆರೋಪದಿಂದ ಮುಕ್ತವೇ?

ನಾವು ಮದ್ರಸದಲ್ಲಿ ಕಲಿಯುತ್ತಿದ್ದಾಗ ಕೈಬರಹದ ಪತ್ರಿಕೆಯೊಂದನ್ನು ಹೊರತರುತ್ತಿದ್ದೆವು. ಅಡುಗೆ ಮನೆಯಲ್ಲಿ ದುಡಿಯುತ್ತಿದ್ದ ಹೊರರಾಜ್ಯದ ಹುಡುಗನೊಬ್ಬ ತನ್ನೂರಿನ ನೆರೆಯ ಬಗ್ಗೆ ಎರಡು ಪುಟ ಬರೆದು ತಂದಿದ್ದ. ಭಾಷೆ ಶುದ್ಧವಿಲ್ಲವೆಂದು ನಾವು ಅದನ್ನು ಬದಿಗಿಟ್ಟೆವು. ಆತ ಮತ್ತೆಂದೂ ಬರೆಯಲಿಲ್ಲ. ನಮ್ಮ ಮೇಲೆ ಯಾವ ಸರಕಾರದ ಒತ್ತಡವೂ ಇರಲಿಲ್ಲ. ಸ್ವಂತದ ವಿರುದ್ಧವಾದರೂ ಸರಿ, ನ್ಯಾಯದ ಪರ ಸಾಕ್ಷಿ ನುಡಿಯಬೇಕೆಂದು ಕುರ್‌ಆನ್ ಕಲಿಸುತ್ತದೆ. ಆದ್ದರಿಂದ ಇದನ್ನು ನಿಮ್ಮ ಮುಂದೆ ಹೇಳಲೇಬೇಕಾಯಿತು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಕಾಲೇಜು ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಒಂದು ಪುಟವನ್ನು ಖಾಲಿ ಇಡಿ. ನಿಮ್ಮ ಹಾಸ್ಟೆಲಿನ ಅಡುಗೆಯವನ, ಎದುರಿನ ಕಟ್ಟಡದ ಕಾರ್ಮಿಕನ ಬಳಿ ಹೋಗಿ ಕುಳಿತು, ಅವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದು ಅಲ್ಲಿ ಅಚ್ಚು ಹಾಕಿ. ವ್ಯಾಕರಣವನ್ನು ಆಮೇಲೆ ತಿದ್ದೋಣ.