ಅರಿವು ಕೇಂದ್ರದ ಗಣಕಯಂತ್ರ ಮತ್ತು ಮಕ್ಕಳ ಆಟ



ಅಮೆರಿಕದ ಎಂ.ಐ.ಟಿ. ಮೀಡಿಯಾ ಲ್ಯಾಬ್ 2007ರಲ್ಲಿ ಮಕ್ಕಳಿಗಾಗಿ ಹೊರತಂದ ‘ಸ್ಕ್ರ್ಯಾಚ್’ ತಂತ್ರಾಂಶವು ಉಚಿತವಾಗಿದ್ದು, ಒಮ್ಮೆ ಅಳವಡಿಸಿದ ಬಳಿಕ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಆದೇಶಗಳನ್ನು ಹೊತ್ತ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸುವುದೇ ಇದರ ವಿಧಾನ. ಪರದೆಯ ಬೆಕ್ಕು ನಡೆಯುತ್ತಲೇ ಇರಬೇಕು, ಅಂಚು ತಾಗಿದರೆ ಹಿಂದಿರುಗಬೇಕು, ಹಣ್ಣು ಮುಟ್ಟಿದರೆ ಅಂಕ ಹೆಚ್ಚಬೇಕು. ಇಷ್ಟನ್ನು ಜೋಡಿಸುವಷ್ಟರಲ್ಲಿ ಅನುಕ್ರಮ, ಪುನರಾವರ್ತನೆ, ಷರತ್ತು, ಎಣಿಕೆ ಎಂಬ ಪ್ರೋಗ್ರಾಮಿಂಗ್‌ನ ಮೂಲ ಪಾಠಗಳು ಮಗುವಿಗೆ ದಕ್ಕುತ್ತವೆ. ಬೆಕ್ಕು ದಾರಿ ತಪ್ಪಿದರೆ ಮಗುವೇ ತಪ್ಪನ್ನು ಹುಡುಕಿ ತಿದ್ದುತ್ತದೆ. ತನ್ನ ಧ್ವನಿಯನ್ನು ಮುದ್ರಿಸಿ ಅಜ್ಜಿಯ ಕಥೆಯನ್ನು ಚಲಿಸುವ ಚಿತ್ರವಾಗಿಸಲೂಬಹುದು.

ಅರಿವು ಕೇಂದ್ರದ ಗಣಕಯಂತ್ರವು ಹೊದಿಕೆಯಡಿಯೇ ಉಳಿದರೆ, ಮನೆಯಲ್ಲಿ ಯಂತ್ರವಿಲ್ಲದ ಮಗುವಿಗೆ ಈ ಕಲಿಕೆ ಎಟುಕದು. ಆದ್ದರಿಂದ ಶಾಲೆ ಬಿಟ್ಟ ಬಳಿಕ ವಾರಕ್ಕೆ ಎರಡು ದಿನ ಅದನ್ನು ಮಕ್ಕಳಿಗೇ ಮೀಸಲಿಟ್ಟು, ಹೆಣ್ಣುಮಕ್ಕಳು ಬೆಳಕಿರುವಾಗಲೇ ಮನೆ ಸೇರುವಂತೆ ಅವರಿಗೆ ಮೊದಲ ಸರದಿ ನೀಡುವ ನಿರ್ಣಯವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಕೈಗೊಳ್ಳಬೇಕೆಂದು ಸದಸ್ಯರಲ್ಲಿ ಕೋರಲಾಗಿದೆ.