ಸ್ಟೇರಿಂಗ್ ಉಲ್ಟಾ ತಿರುಗಿದರೆ ಮೊದಲು ವೈರ್ ಕೀಳಬೇಡಿ

(ನಮ್ಮ ವೇದಿಕೆಯ ವಾರ್ಷಿಕ ಕೂಟದಲ್ಲಿ ಆಡಿದ ಮಾತು)

 

ಅಟ್ಲಾಂಟಾದಿಂದ, ಶಾರ್ಲಟ್‌ನಿಂದ, ರಾಲಿಯಿಂದ ರಾತ್ರಿಯೆಲ್ಲ ಗಾಡಿ ಓಡಿಸ್ಕೊಂಡು ಬಂದಿದ್ದೀರಿ. ಇಂಥವರ ಮುಂದೆ ಆಟದ ಸಾಮಾನಿನ ವಿಷಯ ಮಾತಾಡೋದು ಸರೀನಾ ಅಂತ ಕಮಿಟಿಯವರನ್ನ ಕೇಳಿದೆ. "ಊಟ ಆದ್ಮೇಲೆ ಪಾರ್ಕಿಂಗ್ ಜಾಗದಲ್ಲಿ ಮಕ್ಕಳ ರಿಮೋಟ್ ಟ್ರಕ್ ರೇಸ್ ಇದೆ. ಬಂದಿರೋದ್ರಲ್ಲಿ ನಾಲ್ಕು ಟ್ರಕ್ ಎಡಕ್ಕೆ ಅಂದ್ರೆ ಬಲಕ್ಕೆ ಹೋಗ್ತಿವೆ. ಸುತ್ತ ಚಿಕ್ಕ ಮಕ್ಕಳು ನಿಂತಿರ್ತಾರೆ. ನೀನೇ ಮಾತಾಡು" ಅಂದ್ರು. ಆ ಕೊನೇ ಮಾತಿಗೋಸ್ಕರ ಒಪ್ಪಿಕೊಂಡೆ. ಮೂರು ಕೆಜಿ ತೂಕದ ಟ್ರಕ್ ವೇಗವಾಗಿ ಬರ್ತಾ ಉಲ್ಟಾ ತಿರುಗಿದ್ರೆ ಅದು ಆಟದ ಸಾಮಾನಾಗಿ ಉಳಿಯಲ್ಲ.

ನಾನು ತುಮಕೂರಿನ ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಓದಿದವನು. ಈಗ ಲೌಡನ್ ಕೌಂಟಿಯ ಡೇಟಾ ಸೆಂಟರ್ ಸೈಟುಗಳಲ್ಲಿ ಕೆಲಸ. ನನಗೆ ಗೊತ್ತಿರೋದು ವೈರು, ಮೋಟ್ರು. ಅಲ್ಲಿಂದಲೇ ಶುರು ಮಾಡ್ತೀನಿ.

ಊರಲ್ಲಿ ಬೋರ್‌ವೆಲ್ ಇರೋರಿಗೆ ಇದು ಚೆನ್ನಾಗಿ ಗೊತ್ತು. ಟಿಸಿ ಸುಟ್ಟು ಹೋಗಿ ಹೊಸದು ಕೂರಿಸಿದ ಮಾರನೇ ದಿನ ಮೋಟ್ರು ಓಡುತ್ತೆ, ನೀರು ಮಾತ್ರ ಸಣ್ಣಗೆ ಬರುತ್ತೆ. ಯಾಕೆ? ಫೇಸ್ ಅದಲು ಬದಲಾಗಿ ಪಂಪು ಉಲ್ಟಾ ತಿರುಗ್ತಿದೆ. ಸ್ಟಾರ್ಟರ್‌ನಲ್ಲಿ ಯಾವುದಾದ್ರೂ ಎರಡು ಫೇಸ್ ಬದಲಿಸಿದ್ರೆ ಸರಿ ಹೋಯ್ತು. ಇದು ನಮ್ಮ ಕೈಗೆ ಅಭ್ಯಾಸ ಆಗಿಬಿಟ್ಟಿದೆ. ಹಾಗಾಗಿ ಟ್ರಕ್‌ನ ಸರ್ವೋದಿಂದ ಮೂರು ವೈರ್ ಬರೋದು ನೋಡಿದ ತಕ್ಷಣ "ಮೂರಿದೆಯಲ್ಲ, ಎರಡು ಬದಲಿಸಿಬಿಡೋಣ" ಅಂತ ಕೈ ಹೋಗುತ್ತೆ. ದಯವಿಟ್ಟು ಹಾಗೆ ಮಾಡಬೇಡಿ.

ಆ ಮೂರು ವೈರ್ ಮೂರು ಫೇಸ್ ಅಲ್ಲ. ಕೆಂಪು ಪಾಸಿಟಿವ್. ಕಪ್ಪು ಅಥವಾ ಕಂದು ನೆಗೆಟಿವ್. ಬಿಳಿ, ಹಳದಿ ಇಲ್ಲವೇ ಕಿತ್ತಳೆ ಬಣ್ಣದ್ದು ಸಿಗ್ನಲ್. ಕೆಂಪು ಮಧ್ಯದಲ್ಲಿ ಇರೋದ್ರಿಂದ ಪ್ಲಗ್ ಉಲ್ಟಾ ಚುಚ್ಚಿದ್ರೂ ಪಾಸಿಟಿವ್ ಜಾಗ ಬದಲಾಗಲ್ಲ, ಸರ್ವೋ ಸುಮ್ನೆ ಕೆಲಸ ಮಾಡಲ್ಲ ಅಷ್ಟೆ. ಆದ್ರೆ ಪ್ಲಗ್‌ನಿಂದ ಪಿನ್ ಕಿತ್ತು ಕೆಂಪು, ಕಪ್ಪು ಬದಲಿಸಿದ್ರೆ ಒಳಗಿನ ಬೋರ್ಡು ಸುಟ್ಟೇ ಹೋಗುತ್ತೆ ಅಂದ್ಕೊಳ್ಳಿ.

ಹಾಗಾದ್ರೆ ಸರ್ವೋಗೆ ಎಡ, ಬಲ ಹೇಗೆ ಗೊತ್ತಾಗುತ್ತೆ? ಒಳಗೆ ನಾಲ್ಕು ಸಾಮಾನಿದೆ: ಒಂದು ಸಣ್ಣ ಡಿಸಿ ಮೋಟ್ರು, ಗೇರುಗಳು, ಒಂದು ಪೊಟೆನ್ಷಿಯೋಮೀಟರ್, ಒಂದು ಬೋರ್ಡು. ಸಿಗ್ನಲ್ ವೈರಿನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ ಒಂದು ಪಲ್ಸ್ ಬರುತ್ತೆ. ಪಲ್ಸ್ ಉದ್ದ 1.5 ಮಿಲಿಸೆಕೆಂಡ್ ಇದ್ರೆ ನಟ್ಟ ನಡುವೆ ನಿಲ್ಲು ಅಂತ ಅರ್ಥ. 1 ಮಿಲಿಸೆಕೆಂಡಿನ ಕಡೆ ಹೋದ್ರೆ ಒಂದು ದಿಕ್ಕು, 2ರ ಕಡೆ ಹೋದ್ರೆ ಇನ್ನೊಂದು ದಿಕ್ಕು. ಈಗ ಎಲ್ಲಿದ್ದೀನಿ ಅನ್ನೋದನ್ನ ಪೊಟೆನ್ಷಿಯೋಮೀಟರ್ ಹೇಳುತ್ತೆ. ಬೋರ್ಡು ಎರಡನ್ನೂ ಹೋಲಿಸಿ, ಎರಡೂ ಸಮ ಆಗೋವರೆಗೆ ಮೋಟ್ರು ತಿರುಗಿಸುತ್ತೆ.

ಕೆಲವರು ಸರ್ವೋ ಬಿಚ್ಚಿ ಒಳಗಿನ ಮೋಟ್ರಿನ ಎರಡು ವೈರ್ ಬದಲಿಸ್ತಾರೆ. ಆಗ ಏನಾಗುತ್ತೆ? ಬಲಕ್ಕೆ ಹೋಗಬೇಕಾದ ಮೋಟ್ರು ಎಡಕ್ಕೆ ಹೋಗುತ್ತೆ, ವ್ಯತ್ಯಾಸ ಇನ್ನೂ ಜಾಸ್ತಿ ಆಗುತ್ತೆ, ಬೋರ್ಡು ಇನ್ನೂ ಜೋರಾಗಿ ತಳ್ಳುತ್ತೆ, ಸರ್ವೋ ಒಂದು ತುದಿಗೆ ಹೋಗಿ ಗುಂಯ್ ಅಂತ ನಿಲ್ಲುತ್ತೆ. ನಿಜವಾಗಿ ದಿಕ್ಕು ಬದಲಿಸಬೇಕು ಅಂದ್ರೆ ಮೋಟ್ರಿನ ಎರಡು ವೈರ್ ಜೊತೆಗೆ ಪೊಟೆನ್ಷಿಯೋಮೀಟರಿನ ಎರಡು ತುದಿಗಳನ್ನೂ ಬದಲಿಸಬೇಕು. ಕೂದಲೆಳೆಯಂಥ ಆ ವೈರುಗಳನ್ನ ಬೆಸೆಯೋ ಅಗತ್ಯ ನಮಗಿಲ್ಲ, ಯಾಕಂದ್ರೆ ಅದೇ ಕೆಲಸ ಕೈಯಲ್ಲಿರೋ ರಿಮೋಟ್ ಮಾಡುತ್ತೆ.

ಈಗ ವರಸೆಯಾಗಿ ಹೇಳ್ತೀನಿ. ಮಕ್ಕಳೆ, ನೀವೂ ಕೇಳಿ.

ಒಂದು. ಟ್ರಕ್ಕನ್ನ ಒಂದು ಡಬ್ಬದ ಮೇಲೆ ಇಡಿ, ನಾಲ್ಕೂ ಚಕ್ರ ಗಾಳಿಯಲ್ಲಿರಲಿ. ಸೈಟಲ್ಲಿ ನಾವು ಬೀಗ ಹಾಕಿ ಟ್ಯಾಗ್ ಕಟ್ಟದೆ ಪ್ಯಾನಲ್ ಮುಟ್ಟಲ್ಲ ಅಲ್ವಾ, ಇದೂ ಹಾಗೇ. ಮೊದಲು ರಿಮೋಟ್ ಆನ್, ಆಮೇಲೆ ಟ್ರಕ್. ಆಫ್ ಮಾಡೋವಾಗ ಮೊದಲು ಟ್ರಕ್, ಆಮೇಲೆ ರಿಮೋಟ್.

ಎರಡು. ಟ್ರಕ್ಕಿನ ಹಿಂದೆ ನಿಂತು ನೋಡಿ. ಟ್ರಕ್ ನಿಮ್ಮ ಕಡೆ ಮುಖ ಮಾಡಿದ್ರೆ ಎಡ ಬಲ ಕಣ್ಣಿಗೆ ಉಲ್ಟಾ ಕಾಣುತ್ತೆ. ಹೊಸಬರು ಹೇಳೋ "ಉಲ್ಟಾ" ದೂರಿನಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತೆ. ಮಕ್ಕಳೆ, ನೀವೇ ಡ್ರೈವರ್ ಸೀಟಲ್ಲಿ ಕೂತಿದ್ದೀರಿ ಅಂದ್ಕೊಂಡು ಓಡಿಸಿ.

ಮೂರು. ಹಿಂದೆ ನಿಂತ್ರೂ ಉಲ್ಟಾನೇ ಅಂದ್ರೆ ರಿಮೋಟ್ ನೋಡಿ. 'ಎಸ್‌ಟಿ' ಅಂತ ಬರೆದ ಜಾಗದಲ್ಲಿ ಒಂದು ಸಣ್ಣ ರಿವರ್ಸ್ ಸ್ವಿಚ್ ಇರುತ್ತೆ, ಇಲ್ಲ ಮೆನುವಿನಲ್ಲಿ ಇರುತ್ತೆ. ಅದನ್ನ ಬದಲಿಸಿದ್ರೆ ರಿಮೋಟ್ ಪಲ್ಸನ್ನ 1.5ರ ಆಚೆ ಬದಿಗೆ ಮಗುಚುತ್ತೆ: 1.2 ಇದ್ದದ್ದು 1.8 ಆಗುತ್ತೆ. ಒಂದು ಬೆರಳಿನ ಕೆಲಸ.

ನಾಲ್ಕು. ನಿನ್ನೆವರೆಗೆ ಸರಿ ಇದ್ದು ಇವತ್ತು ಉಲ್ಟಾ ಆಗಿದ್ರೆ, ಏನು ಬದಲಾಯ್ತು ಅಂತ ಕೇಳಿ. ಹೊಸ ಸರ್ವೋನಾ? ಹೊಸ ರಿಮೋಟಾ? ಸರ್ವೋದ ಶಾಫ್ಟ್ ಮೊದಲು ಮೇಲ್ಮುಖವಾಗಿದ್ದು ಈಗ ಕೆಳಮುಖ ಆಗಿದ್ಯಾ? ಹಾರ್ನ್, ಅಂದ್ರೆ ಶಾಫ್ಟಿನ ಮೇಲಿನ ಆ ತೋಳು, ಆಚೆ ಬದಿಗೆ ಹೋಗಿದ್ಯಾ? ಇದ್ರಲ್ಲಿ ಯಾವುದು ಆದ್ರೂ ದಿಕ್ಕು ಮಗುಚಬಹುದು. ಎರಡು ಒಟ್ಟಿಗೆ ಆದ್ರೆ ಒಂದನ್ನೊಂದು ಹೊಡೆದುಹಾಕಿ ಸರಿ ಇರೋ ಹಾಗೂ ಕಾಣಬಹುದು.

ಐದು. ಹಾರ್ನ್ ಕೂರಿಸೋ ಮೊದಲು ಟ್ರಿಮ್ ಸೊನ್ನೆಗೆ ತಂದು, ಸರ್ವೋಗೆ ಕರೆಂಟ್ ಕೊಟ್ಟು ನಡುವಿಗೆ ಬರಲಿ ಬಿಡಿ. ಆಮೇಲೆ ಹಾರ್ನ್ ಹಾಕಿ. ಫ್ಯುಟಾಬಾ ಶಾಫ್ಟಿಗೆ ಸಾಮಾನ್ಯವಾಗಿ 25 ಹಲ್ಲು, ಹೈಟೆಕ್‌ಗೆ 24, ಜೆಆರ್‌ಗೆ 23. ಒಂದರದ್ದು ಇನ್ನೊಂದಕ್ಕೆ ಒತ್ತಿ ಕೂರಿಸಿದ್ರೆ ಹಲ್ಲು ಸವೆದು, ರೇಸಿನ ಮಧ್ಯೆ ಸ್ಟೇರಿಂಗೇ ಇಲ್ಲದ ಹಾಗಾಗುತ್ತೆ.

ಆರು. ಪೂರ್ತಿ ತಿರುಗಿಸಿದಾಗ ಸರ್ವೋ ಗುಂಯ್‌ಗುಡ್ತಾ ಇದ್ರೆ, ಚಕ್ರ ತಡೆಗೆ ತಾಗಿದ್ರೂ ಮೋಟ್ರು ತಳ್ತಾನೇ ಇದೆ ಅಂತ ಅರ್ಥ. ರೋಟರ್ ಜಾಮ್ ಆದ ಪಂಪಿನ ಥರ ಕರೆಂಟ್ ಎಳೆಯುತ್ತೆ, ಬಿಸಿಯಾಗುತ್ತೆ. ರಿಮೋಟಿನಲ್ಲಿ ಎಂಡ್ ಪಾಯಿಂಟ್ ಕಮ್ಮಿ ಮಾಡಿ. ದಿಕ್ಕು ಮಗುಚಿದ ಮೇಲೆ ಇದನ್ನ ಮತ್ತೆ ನೋಡಲೇಬೇಕು.

ಇಲ್ಲಿವರೆಗೆ ಸ್ಟೇರಿಂಗ್. ಈಗ ಥ್ರಾಟಲ್, ಇದು ಹೆಚ್ಚು ಅಪಾಯದ್ದು. ಟ್ರಕ್ ಮುಂದಕ್ಕೆ ಅಂದ್ರೆ ಹಿಂದಕ್ಕೆ ಹೋದ್ರೆ, ಬ್ರಷ್ ಇರೋ ಮೋಟ್ರಿಗೆ ಅದರ ಎರಡು ವೈರ್ ಬದಲಿಸಿ. ಸೆನ್ಸರ್ ಇಲ್ಲದ ಬ್ರಷ್‌ಲೆಸ್ ಮೋಟ್ರಿಗೆ ಮೂರರಲ್ಲಿ ಯಾವ ಎರಡಾದ್ರೂ ಬದಲಿಸಿ. ನಮ್ಮ ಪಂಪಿನ ಬುದ್ಧಿ ನಡೆಯೋದು ಇಲ್ಲಿ! ಸೆನ್ಸರ್ ಕೇಬಲ್ ಇದ್ರೆ ಮಾತ್ರ ಎ, ಬಿ, ಸಿ ಹೇಗಿದ್ಯೋ ಹಾಗೇ ಇರಬೇಕು, ಅಲ್ಲಿ ದಿಕ್ಕು ಬದಲಿಸೋದು ಸ್ಪೀಡ್ ಕಂಟ್ರೋಲರಿನ ಸೆಟ್ಟಿಂಗ್‌ನಲ್ಲಿ. ರಿಮೋಟಿನ ಥ್ರಾಟಲ್ ರಿವರ್ಸ್ ಮುಟ್ಟಿದ್ರೆ ಸ್ಪೀಡ್ ಕಂಟ್ರೋಲರನ್ನ ಮತ್ತೆ ಕ್ಯಾಲಿಬ್ರೇಟ್ ಮಾಡಿ, ರಿಸೀವರಿನ ಫೇಲ್‌ಸೇಫನ್ನೂ ಮತ್ತೆ ಸೆಟ್ ಮಾಡಿ. ಸಿಗ್ನಲ್ ತಪ್ಪಿದಾಗ ಟ್ರಕ್ ನಿಲ್ಲಬೇಕು ಅಂತ ಇರೋದು ಫೇಲ್‌ಸೇಫ್. ಹಳೇ ಸೆಟ್ಟಿಂಗ್ ಹಾಗೇ ಉಳಿದ್ರೆ ನಿಲ್ಲೋ ಬದಲು ಓಡಬಹುದು. ಡಬ್ಬದ ಮೇಲೆ ಇಟ್ಟೇ, ರಿಮೋಟ್ ಆಫ್ ಮಾಡಿ ಪರೀಕ್ಷೆ ಮಾಡಿ. ಚಕ್ರ ನಿಂತ್ರೆ ಮಾತ್ರ ನೆಲಕ್ಕೆ ಇಳಿಸಿ.

ಕೊನೇದಾಗಿ ಹಿಂದಿನ ಚಕ್ರನೂ ತಿರುಗೋ ಟ್ರಕ್ಕುಗಳು. ಕರೋಲಿನಾದವರಿಗೆ 'ಗ್ರೇವ್ ಡಿಗರ್' ಹೆಸರು ಗೊತ್ತಿರುತ್ತೆ. ಡೆನ್ನಿಸ್ ಆಂಡರ್ಸನ್ ಅನ್ನೋರು 1982ರಲ್ಲಿ ನಾರ್ತ್ ಕರೋಲಿನಾದಲ್ಲಿ ಶುರು ಮಾಡಿದ ಮಾನ್‌ಸ್ಟರ್ ಟ್ರಕ್ ಅದು. ಇಂಥ ದೊಡ್ಡ ಟ್ರಕ್ಕುಗಳ ಚಕ್ರ 66 ಇಂಚು ಎತ್ತರ. ಮುಂದಿನ ಚಕ್ರಕ್ಕೆ ಸ್ಟೇರಿಂಗ್, ಹಿಂದಿನ ಚಕ್ರಕ್ಕೆ ಬೇರೆ ಸ್ವಿಚ್, ಎರಡೂ ಹೈಡ್ರಾಲಿಕ್. ಹಿಂದಿನದು ಮುಂದಿನದಕ್ಕೆ ಎದುರು ದಿಕ್ಕಿಗೆ ತಿರುಗಿದ್ರೆ ಟ್ರಕ್ ಸಣ್ಣ ಜಾಗದಲ್ಲಿ ಸುತ್ತುತ್ತೆ, ಒಂದೇ ದಿಕ್ಕಿಗೆ ತಿರುಗಿದ್ರೆ ಏಡಿ ಥರ ಓರೆಯಾಗಿ ನಡೆಯುತ್ತೆ.

ನಿಮ್ಮ ಸಣ್ಣ ಟ್ರಕ್ ಏಡಿ ನಡಿಗೆ ಮಾಡ್ತಿದ್ರೆ ಹಿಂದಿನ ಸರ್ವೋ ಮಾತ್ರ ಮಗುಚಬೇಕು. ಆದ್ರೆ ಎರಡು ಸರ್ವೋನ ಒಂದೇ ವೈ ಕೇಬಲ್‌ಗೆ ಸೇರಿಸಿದ್ರೆ ರಿಮೋಟ್ ಎರಡನ್ನೂ ಒಟ್ಟಿಗೇ ಮಗುಚುತ್ತೆ, ಸಮಸ್ಯೆ ಹಾಗೇ ಉಳಿಯುತ್ತೆ. ಹಿಂದಿನದಕ್ಕೆ ಬೇರೆ ಚಾನೆಲ್ ಕೊಡಿ. ಇಲ್ಲ ಮಧ್ಯೆ ಒಂದು ಸರ್ವೋ ರಿವರ್ಸರ್ ಹಾಕಿ. ಇಲ್ಲ ಪ್ರೋಗ್ರಾಮ್ ಮಾಡೋ ಸರ್ವೋ ತಗೊಳ್ಳಿ. ಒಂದೇ ಆಕ್ಸಲ್‌ಗೆ ಎದುರುಬದುರು ಎರಡು ಸರ್ವೋ ಇದ್ರೆ ಇನ್ನೂ ಹುಷಾರು, ದಿಕ್ಕು ಹೊಂದದಿದ್ರೆ ಎರಡೂ ಕುಸ್ತಿ ಆಡಿ ಸುಡ್ತವೆ.

ಹೋದ ತಿಂಗಳು ಶಾರ್ಲಟ್ ಕಡೆಯ ನಮ್ಮ ಸ್ನೇಹಿತರೊಬ್ಬರು ಫೋನ್ ಮಾಡಿದ್ರು. ರಾತ್ರಿ ಶಿಫ್ಟ್ ಅವರದ್ದು, ಮಗನ ಜೊತೆ ಸಿಗೋದು ಭಾನುವಾರ ಒಂದೇ. ಸೆಕೆಂಡ್‌ಹ್ಯಾಂಡ್ ಟ್ರಕ್ ಉಲ್ಟಾ ತಿರುಗ್ತಿದೆ, ಹೊಸ ಸರ್ವೋ ಆರ್ಡರ್ ಮಾಡ್ಲಾ ಅಂದ್ರು. ಫೋನನ್ನ ಮಗನಿಗೆ ಕೊಡಿ ಅಂದೆ. ಒಂಬತ್ತು ವರ್ಷದ ಹುಡುಗ ಒಂದೊಂದೇ ನೋಡ್ತಾ ಹೋದ, ಮೂರನೇ ಹೆಜ್ಜೆಯಲ್ಲಿ ಸ್ವಿಚ್ ಸಿಕ್ತು. "ಅಪ್ಪಾ, ಸರಿ ಆಯ್ತು!" ಅಂತ ಕೂಗಿದ್ದು ನನಗೂ ಕೇಳಿಸ್ತು. ಉಳಿದ ದುಡ್ಡು ಮೂವತ್ತು ಡಾಲರ್ ಇರಬಹುದು. ಉಳಿದ ಭಾನುವಾರಕ್ಕೆ ಬೆಲೆ ಕಟ್ಟೋಕಾಗಲ್ಲ.

ನಮ್ಮಲ್ಲಿ ಸುಮಾರು ಜನ ಐಟಿಐ, ಡಿಪ್ಲೊಮಾ ಮಾಡಿ ಬಂದೋರು. ಇಲ್ಲಿ ಲೈಸೆನ್ಸ್ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ನಮ್ಮ ಸರ್ಟಿಫಿಕೇಟು ಎಷ್ಟೋ ಸಲ ಟ್ರಂಕಿನ ತಳದಲ್ಲೇ ಉಳಿಯುತ್ತೆ. ಆದ್ರೆ ಸುಲಭದ್ದನ್ನ ಮೊದಲು ನೋಡು, ಒಂದು ಸಲಕ್ಕೆ ಒಂದನ್ನೇ ಬದಲಿಸು ಅಂತ ವರ್ಕ್‌ಶಾಪಿನಲ್ಲಿ ಕಲಿತ ಬುದ್ಧಿಗೆ ಯಾವ ರಾಜ್ಯದ ಲೈಸೆನ್ಸೂ ಬೇಡ. ಮಕ್ಕಳಿಗೆ ಅದನ್ನ ಕನ್ನಡದಲ್ಲೇ ದಾಟಿಸಬಹುದು.

ಊಟ ಮುಗಿಸಿ ಎಲ್ಲರೂ ಟ್ರಕ್ ತಗೊಂಡು ಬಾಗಿಲ ಹತ್ರ ಬನ್ನಿ, ಡಬ್ಬ ನಾನು ತಂದಿದ್ದೀನಿ. ಒಂದೊಂದನ್ನೂ ನೋಡಿಯೇ ನೆಲಕ್ಕೆ ಬಿಡೋಣ.  ಜೈ ಕರ್ನಾಟಕ.