ಒಂದು ಹಾಡು, ಎರಡು ದನಿ

ಶಾಲೆಯ ವಾರ್ಷಿಕೋತ್ಸವದಲ್ಲೋ ಕಾಲೇಜಿನ ಸ್ಪರ್ಧೆಯಲ್ಲೋ ನೀವು ಒಂದಲ್ಲ ಒಂದು ಸಲ ಹಾಡಿರುತ್ತೀರಿ. ಹಾಡಿದ್ದು ನೀವೇ ಕಟ್ಟಿದ ಹಾಡೇ? ಬಹುಶಃ ಅಲ್ಲ. ಯಾರೋ ಬರೆದು, ಯಾರೋ ರಾಗ ಹಾಕಿ, ಯಾರೋ ಮೊದಲು ಹಾಡಿದ್ದನ್ನು ನೀವು ಮತ್ತೆ ಹಾಡಿದಿರಿ. ಹೀಗೆ ಮತ್ತೆ ಹಾಡಿ ಧ್ವನಿಮುದ್ರಣ ಮಾಡಿದರೆ ಅದನ್ನು 'ಕವರ್' ಎನ್ನುತ್ತಾರೆ. ಮೂಲ ಹಾಡಿಗೂ ಕವರಿಗೂ ನಡುವೆ ಏನೇನು ನಡೆಯುತ್ತದೆ? ಒಂದೇ ಹಾಡಿನ ಕಥೆಯಿಂದ ನೋಡೋಣ. ಈ ಕಥೆಯನ್ನು ಹಾಡು ಬರೆದವರೇ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ.

ಅವರು ಡಾಲಿ ಪಾರ್ಟನ್. ಹುಟ್ಟಿದ್ದು 1946ರಲ್ಲಿ, ಅಮೆರಿಕದ ಟೆನೆಸಿ ರಾಜ್ಯದ ಬೆಟ್ಟಗಾಡಿನಲ್ಲಿ, ಹನ್ನೆರಡು ಮಕ್ಕಳ ಬಡ ಕುಟುಂಬದಲ್ಲಿ. 1967ರಲ್ಲಿ ಪೋರ್ಟರ್ ವ್ಯಾಗನರ್ ಎಂಬ ಹಿರಿಯ ಗಾಯಕರ ಟೆಲಿವಿಷನ್ ಕಾರ್ಯಕ್ರಮಕ್ಕೆ ಸೇರಿದರು. ಕೆಲವು ವರ್ಷಗಳಾದ ಮೇಲೆ ಸ್ವಂತ ದಾರಿ ಹಿಡಿಯಬೇಕೆನಿಸಿತು. ವ್ಯಾಗನರ್ ಒಪ್ಪಲಿಲ್ಲ. ವಾದ ಮಾಡಿ ಪ್ರಯೋಜನವಾಗಲಿಲ್ಲ. 1973ರಲ್ಲಿ ಡಾಲಿ ಮನೆಗೆ ಹೋಗಿ ಒಂದು ಹಾಡು ಬರೆದರು. ಮರುದಿನ ಅವರ ಕಚೇರಿಗೆ ಹೋಗಿ ಅದನ್ನು ಹಾಡಿದರು. ಹೆಸರು 'ಐ ವಿಲ್ ಆಲ್ವೇಸ್ ಲವ್ ಯೂ'. ಅದು ಪ್ರಣಯಗೀತೆಯಲ್ಲ, ಗುರುಸಮಾನರಾದ ಸಹೋದ್ಯೋಗಿಗೆ ಹೇಳಿದ ವಿದಾಯ. ವ್ಯಾಗನರ್ ಕಣ್ಣೀರು ಹಾಕಿದರಂತೆ. ಈ ಹಾಡಿನ ಮುದ್ರಣವನ್ನು ತಾನೇ ಮಾಡಿಸಬೇಕೆಂಬ ಷರತ್ತಿನ ಮೇಲೆ ಅವರನ್ನು ಬೀಳ್ಕೊಡಲು ಒಪ್ಪಿದರಂತೆ.

ಆ ಮುದ್ರಣ ಮೂರು ನಿಮಿಷಕ್ಕೂ ಕಡಿಮೆ. ಕೊನೆಯ ಚರಣವನ್ನು ಡಾಲಿ ಹಾಡುವುದಿಲ್ಲ, ಮೆಲುದನಿಯಲ್ಲಿ ಮಾತಿನಂತೆ ಹೇಳುತ್ತಾರೆ. 1974ರಲ್ಲಿ ಅದು ಅಮೆರಿಕದ ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು.

ಆಗ ಬಂತು ದೊಡ್ಡ ಪರೀಕ್ಷೆ. ಎಲ್ವಿಸ್ ಪ್ರೀಸ್ಲಿ ಈ ಹಾಡನ್ನು ಹಾಡಲು ಬಯಸಿದರು. ಅಂದಿನ ದಿನಗಳಲ್ಲಿ ಅದಕ್ಕಿಂತ ದೊಡ್ಡ ಭಾಗ್ಯ ಇನ್ನೇನಿತ್ತು? ಆದರೆ ಎಲ್ವಿಸ್ ಅವರ ವ್ಯವಸ್ಥಾಪಕ ಟಾಮ್ ಪಾರ್ಕರ್, ಹಾಡಿನ ಪ್ರಕಾಶನದ ಹಕ್ಕಿನಲ್ಲಿ ಅರ್ಧ ಪಾಲು ಕೇಳಿದರು. ಮೂವತ್ತೂ ತುಂಬದ ಡಾಲಿ 'ಆಗದು' ಎಂದರು. ಆ ರಾತ್ರಿಯೆಲ್ಲಾ ಅತ್ತೆನೆಂದು ಅವರೇ ಹೇಳಿಕೊಂಡಿದ್ದಾರೆ.

ಇಲ್ಲಿ ಒಂದು ಭೇದವನ್ನು ಗಮನಿಸಿ. ಸಾಹಿತ್ಯ ಮತ್ತು ರಾಗ ಸೇರಿ ಆಗುವ ಹಾಡು ಬೇರೆ. ಅದನ್ನು ಒಬ್ಬರು ಹಾಡಿ ಮಾಡಿದ ಧ್ವನಿಮುದ್ರಣ ಬೇರೆ. ಬಾವಿ ಬೇರೆ, ಅದರಿಂದ ಸೇದಿದ ಕೊಡದ ನೀರು ಬೇರೆ ಎಂದ ಹಾಗೆ. ಎಷ್ಟು ಜನ ಬೇಕಾದರೂ ಕೊಡ ತುಂಬಿಕೊಳ್ಳಲಿ. ಬಾವಿಯನ್ನು ಬಿಟ್ಟುಕೊಡಲಾರೆ ಎಂದರು ಡಾಲಿ.

1992ರಲ್ಲಿ 'ದಿ ಬಾಡಿಗಾರ್ಡ್' ಚಿತ್ರಕ್ಕಾಗಿ ವಿಟ್ನಿ ಹ್ಯೂಸ್ಟನ್ ಇದೇ ಹಾಡನ್ನು ಹಾಡಿದರು. ಸಾಧ್ಯವಾದರೆ ಎರಡೂ ಮುದ್ರಣಗಳನ್ನು ಒಂದಾದ ಮೇಲೊಂದು ಕೇಳಿ. ವಿಟ್ನಿಯದು ಸುಮಾರು ನಾಲ್ಕೂವರೆ ನಿಮಿಷ. ಆರಂಭದಲ್ಲಿ ವಾದ್ಯಗಳೇ ಇಲ್ಲ, ಬರೀ ಕಂಠ. ಡಾಲಿ ಮಾತಾಗಿ ಹೇಳಿದ ಚರಣವನ್ನು ವಿಟ್ನಿ ಹಾಡುತ್ತಾರೆ. ಆಮೇಲೆ ಒಂದು ಕ್ಷಣ ಮೌನ, ಡ್ರಮ್ಮಿನ ಒಂದೇ ಏಟು. ಶ್ರುತಿ ಒಂದು ಪೂರ್ಣ ಸ್ವರದಷ್ಟು ಮೇಲೇರುತ್ತದೆ. ಭೌತಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಸೆಕೆಂಡಿಗೆ ಆಗುವ ಕಂಪನಗಳು ಸುಮಾರು ಶೇಕಡಾ 12ರಷ್ಟು ಹೆಚ್ಚುತ್ತವೆ. ಇಷ್ಟೇ ವ್ಯತ್ಯಾಸಕ್ಕೆ ಮೈ ಜುಮ್ಮೆನ್ನುತ್ತದೆ! ಈ ಮುದ್ರಣ ಅಮೆರಿಕದ ಪ್ರಮುಖ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ಕಾರಿನಲ್ಲಿ ಹೋಗುವಾಗ ರೇಡಿಯೋದಲ್ಲಿ ಇದನ್ನು ಮೊದಲ ಸಲ ಕೇಳಿದ ಡಾಲಿ, ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಬೇಕಾಯಿತಂತೆ. ಹಾಡು ಇನ್ನೊಬ್ಬರ ದನಿಯಲ್ಲಿ ಬೆಳೆದಿತ್ತು. ಹಾಡಿನ ಹಕ್ಕು ಮಾತ್ರ ಬರೆದವರ ಬಳಿಯೇ ಇತ್ತು.

ಎಲ್ಲರಿಗೂ ಹೀಗಾಗಲಿಲ್ಲ. ದಕ್ಷಿಣ ಆಫ್ರಿಕಾದ ಸಾಲೊಮನ್ ಲಿಂಡಾ 1939ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ 'ಎಂಬೂಬೆ' ಎಂಬ ಹಾಡನ್ನು ಮುದ್ರಿಸಿದರು. ಜುಲು ಭಾಷೆಯಲ್ಲಿ ಎಂಬೂಬೆ ಎಂದರೆ ಸಿಂಹ. ಚಿಲ್ಲರೆ ಹಣಕ್ಕೆ ಹಕ್ಕು ಕೈಬಿಟ್ಟಿತು. 1961ರಲ್ಲಿ ಅದೇ ರಾಗ 'ದಿ ಲಯನ್ ಸ್ಲೀಪ್ಸ್ ಟುನೈಟ್' ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಮನೆಮಾತಾಯಿತು. ಮರುವರ್ಷವೇ ಲಿಂಡಾ ಬಡತನದಲ್ಲಿ ತೀರಿಕೊಂಡರು. ಅವರ ಹೆಣ್ಣುಮಕ್ಕಳು ನ್ಯಾಯಾಲಯದ ಮೆಟ್ಟಿಲು ಹತ್ತಿ, 2006ರ ಒಪ್ಪಂದದ ನಂತರವೇ ನ್ಯಾಯವಾದ ಪಾಲು ಪಡೆದರು.

ಇದನ್ನು ಓದುವಾಗ ನನ್ನದೊಂದು ತಪ್ಪು ನೆನಪಾಗುತ್ತದೆ. ನಾನು ಈ ಕೆಲಸಕ್ಕೆ ಹೊಸಬನಾಗಿದ್ದ ಕಾಲ. ಒಂದು ಗೀತಗಾಯನ ಕಾರ್ಯಕ್ರಮ ಅರ್ಧ ನಿಮಿಷ ಹೆಚ್ಚಾಗಿತ್ತು. ಹಾಡನ್ನು ಕತ್ತರಿಸಲು ಮನಸ್ಸು ಬಾರದೆ, ಕೊನೆಯ ಹೆಸರುಗಳ ಪಟ್ಟಿಯನ್ನು ಕತ್ತರಿಸಿದೆ. ವಾರದ ನಂತರ ಒಂದು ಕಾರ್ಡು ಬಂತು. ಹಾಡು ಬರೆದ ಹಿರಿಯರು ಗಾಯಕಿಯನ್ನು ಮೆಚ್ಚಿ ಬರೆದಿದ್ದರು. ತಮ್ಮ ಹೆಸರಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಬೈದಿದ್ದರೆ ಎಂದೋ ಮರೆಯುತ್ತಿದ್ದೆನೇನೋ.

ನಮ್ಮ ದೇಶದ ಕೃತಿಸ್ವಾಮ್ಯ ಕಾನೂನಿಗೆ 2012ರಲ್ಲಿ ತಿದ್ದುಪಡಿಯಾಯಿತು. ಅದರಂತೆ, ಶಾಸನಬದ್ಧ ಪರವಾನಗಿಯಡಿ ಕವರ್ ಮುದ್ರಿಸುವವರು ಮೊದಲ ಮುದ್ರಣವಾದ ವರ್ಷದ ನಂತರ ಐದು ವರ್ಷ ಕಾಯಬೇಕು. ಮುಂಚಿತವಾಗಿ ತಿಳಿಸಿ ರಾಯಧನ ಕೊಡಬೇಕು. ಶಿಕ್ಷಕರು, ಸಹಪಾಠಿಗಳು, ಪೋಷಕರ ಮುಂದೆ ನೀವು ಶಾಲೆಯ ಸಮಾರಂಭದಲ್ಲಿ ಹಾಡುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಹೆಸರು ಹೇಳಲು ಹಣವೂ ಬೇಡ, ಅನುಮತಿಯೂ ಬೇಡ.

ಕೊನೆಗೊಂದು ಪ್ರಶ್ನೆ. ನೀವು ಶಾಲೆಯಲ್ಲಿ ಹಾಡುವ ನಾಡಗೀತೆಯನ್ನು ಬರೆದವರು ಕುವೆಂಪು ಎಂದು ಥಟ್ಟನೆ ಹೇಳುತ್ತೀರಿ. ರಾಗ ಸಂಯೋಜಿಸಿದವರು ಯಾರು? 2022ರಲ್ಲಿ ಸರ್ಕಾರ ಅಧಿಕೃತಗೊಳಿಸಿದ ಧಾಟಿ ಮೈಸೂರು ಅನಂತಸ್ವಾಮಿ ಅವರದು. ಮುಂದಿನ ಸಲ ವೇದಿಕೆ ಹತ್ತಿದಾಗ ಬರೆದವರು, ರಾಗ ಹಾಕಿದವರು, ಮೊದಲು ಹಾಡಿದವರು ಈ ಮೂವರನ್ನೂ ನೆನೆದು ಆಮೇಲೆ ಶ್ರುತಿ ಹಿಡಿಯಿರಿ. ಅದಕ್ಕೆ ಅರ್ಧ ನಿಮಿಷ ಸಾಕು.